ಕಲಾವಿದರ ಪೋರ್ಟ್‌ಫೋಲಿಯೊ ಸೈಟ್ ನೋಡಿ ವೆಬ್ ಡಿಸೈನ್ ಕಲಿಯೋದು ಹೇಗೆ? ನೋಡುವಾಗ ಏನನ್ನು ನೋಡಬೇಕು?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್, ಅದರ ರೂಪ ತಿದ್ದುವ ಸಿಎಸ್‌ಎಸ್ ನನಗೆ ತಕ್ಕಮಟ್ಟಿಗೆ ಬರುತ್ತದೆ. ಯಾರಾದರೂ ಡಿಸೈನ್ ಕೊಟ್ಟು ಇದನ್ನು ಹಾಗೇ ಕಟ್ಟಿಕೊಡು ಅಂದರೆ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಅನ್ನುವ ಸಿಎಸ್‌ಎಸ್ ಜೋಡಣೆಯ ವಿಧಾನ ಬಳಸಿ ಕಟ್ಟಿಕೊಡುತ್ತೇನೆ. ಆದರೆ ಖಾಲಿ ಪುಟ ಮುಂದಿಟ್ಟು ನೀನೇ ಒಂದು ಡಿಸೈನ್ ಮಾಡು ಅಂದರೆ ಕೈ ಓಡುವುದಿಲ್ಲ. ಎಲ್ಲಿಂದ ಶುರು ಮಾಡಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು, ಒಂದೂ ಹೊಳೆಯುವುದಿಲ್ಲ.

ಕಣ್ಣು ಪಳಗಬೇಕು ಅಂದರೆ ಕಲಾವಿದರ, ಫೋಟೋಗ್ರಾಫರ್‌ಗಳ ಪೋರ್ಟ್‌ಫೋಲಿಯೊ ಸೈಟ್ ನೋಡು ಅಂತ ಹಲವರು ಹೇಳಿದ್ದಾರೆ. ನೋಡುತ್ತಿದ್ದೇನೆ. ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಅವರ ಸೈಟ್, ಕಟ್ಟಡಗಳಿಗೆ ಬಟ್ಟೆ ಸುತ್ತುತ್ತಿದ್ದ ಕ್ರಿಸ್ಟೊ ಮತ್ತು ಜೀನ್-ಕ್ಲೋಡ್ ದಂಪತಿಯ ಸೈಟ್, ಆಮೇಲೆ ವೆಬ್ ಡಿಸೈನಿಗೆ ಪ್ರಶಸ್ತಿ ಕೊಡುವ ತಾಣಗಳಲ್ಲಿ ಸಿಗುವ ಹೊಸಬರ ಸೈಟ್‌ಗಳು. ನೋಡುವಾಗ ಖುಷಿಯಾಗುತ್ತದೆ. ಟ್ಯಾಬ್ ಮುಚ್ಚಿದ ಮೇಲೆ 'ಚೆನ್ನಾಗಿತ್ತು' ಅನ್ನೋದು ಬಿಟ್ಟರೆ ಏನೂ ಉಳಿದಿರುವುದಿಲ್ಲ. ಪುಟದ ಕೋಡ್ ತೋರಿಸುವ ವ್ಯೂ ಸೋರ್ಸ್ ಕೊಟ್ಟು ನೋಡಿದರೆ ಒಂದೇ ಸಾಲಿನಲ್ಲಿ ಮೈಲುದ್ದದ ಕೋಡ್, ತಲೆಬುಡ ಗೊತ್ತಾಗುವುದಿಲ್ಲ.

ನನಗೆ ಇದು ಬರೀ ಕಲಿಕೆಯ ಪ್ರಶ್ನೆಯಲ್ಲ. ನಮ್ಮ ಚಿಕ್ಕಪ್ಪ ಶಿವಮೊಗ್ಗದಲ್ಲಿದ್ದಾರೆ, ಜಲವರ್ಣದಲ್ಲಿ ಮಲೆನಾಡಿನ ಹಳೆಯ ಮನೆಗಳ ಚಿತ್ರ ಬರೆಯುತ್ತಾರೆ. ಅವರಿಗೊಂದು ಸೈಟ್ ಮಾಡಿಕೊಡಬೇಕು ಅಂತ ಬಹಳ ಆಸೆ ಇದೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಅವರೂ ಫೋನಿನಲ್ಲೇ ನೋಡುವವರು, ಅವರ ಚಿತ್ರ ಕೊಳ್ಳುವವರೂ ಫೋನಿನಲ್ಲೇ. ಹೀಗಿರುವಾಗ ದೊಡ್ಡ ಕಲಾವಿದರ ಸೈಟ್‌ಗಳಲ್ಲಿ ನಾನು ಏನನ್ನು ಗಮನಿಸಬೇಕು? ಕೋಡ್ ನಕಲು ಮಾಡಿ ಅಭ್ಯಾಸ ಮಾಡಿದರೆ ತಪ್ಪಾ?

ಗೆರೆಮನೆ ಉತ್ತರಿಸಿದ್ದು:

ಸುಮ್ನೆ ಸ್ಕ್ರೋಲ್ ಮಾಡಿದರೆ ಯಾರಿಗೂ ಏನೂ ಉಳಿಯಲ್ಲ. ನಿಮ್ಮ ಪ್ರಶ್ನೆ ಸರಿಯಾದ ಜಾಗದಲ್ಲೇ ಇದೆ, ಏನನ್ನು ನೋಡಬೇಕು ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಆ ಮೈಲುದ್ದದ ಕೋಡ್ ವಿಷಯ. ಈಗಿನ ಬಹುಪಾಲು ಸೈಟ್‌ಗಳಲ್ಲಿ ಮನುಷ್ಯರು ಬರೆದ ಕೋಡ್ ಹಾಗೇ ನಿಮ್ಮ ಬ್ರೌಸರ್‌ಗೆ ಬರುವುದಿಲ್ಲ. ಫೈಲ್ ಚಿಕ್ಕದಾಗಲಿ ಅಂತ ಸ್ಪೇಸ್, ಸಾಲು, ಕಾಮೆಂಟ್ ಎಲ್ಲ ಕಿತ್ತುಹಾಕಿ ಕಳಿಸುತ್ತಾರೆ. ಕ್ಲಾಸ್ ಹೆಸರುಗಳನ್ನು ಎಷ್ಟೋ ಸಲ ಟೂಲೇ ಹುಟ್ಟಿಸಿರುತ್ತದೆ. ಸ್ಕ್ವೇರ್‌ಸ್ಪೇಸ್, ಕಾರ್ಗೊ, ವಿಕ್ಸ್ ತರಹದ, ಕೋಡ್ ಬರೆಯದೆ ಸೈಟ್ ಮಾಡುವ ಸೇವೆಗಳಲ್ಲಿ ಮಾಡಿದ ಸೈಟ್ ಆದರಂತೂ ಆ ಕೋಡನ್ನು ಕಲಾವಿದರೇ ಕಣ್ಣೆತ್ತಿ ನೋಡಿರುವುದಿಲ್ಲ. ಅದನ್ನು ಓದಿ ಏನು ಸಿಗುತ್ತೆ ಹೇಳಿ? ಕೋಡ್ ಓದಬೇಡಿ, ಅಳತೆ ತೆಗೆಯಿರಿ.

ಒಂದೇ ಸೈಟ್ ತೆಗೆದುಕೊಳ್ಳಿ, ಅದರಲ್ಲೂ ಒಂದೇ ಪುಟ. ಎಫ್12 ಒತ್ತಿ ಬ್ರೌಸರಿನ ಡೆವ್‌ಟೂಲ್ಸ್ ತೆರೆದು, ಇನ್‌ಸ್ಪೆಕ್ಟ್ ಬಾಣದಿಂದ ಒಂದೊಂದನ್ನೇ ಮುಟ್ಟಿ, ಕಂಪ್ಯೂಟೆಡ್ ಟ್ಯಾಬಿನಲ್ಲಿ ಇರುವುದನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಳ್ಳಿ. ಶೀರ್ಷಿಕೆ ಎಷ್ಟು ಪಿಕ್ಸೆಲ್, ಅಡಿಬರಹ ಎಷ್ಟು, ಸಾಲಿನ ಎತ್ತರ ಎಷ್ಟು, ಚಿತ್ರಕ್ಕೂ ಚಿತ್ರಕ್ಕೂ ನಡುವೆ ಜಾಗ ಎಷ್ಟು, ಚಿತ್ರಕ್ಕೂ ಅದರ ಹೆಸರಿಗೂ ನಡುವೆ ಎಷ್ಟು. ಬರೆಯುತ್ತಾ ಹೋದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಅಚ್ಚುಕಟ್ಟಾಗಿ ಕಾಣುವ ಪುಟದಲ್ಲಿ ಅಕ್ಷರದ ಸೈಜ್ ಎರಡೋ ಮೂರೋ ಇರುತ್ತದೆ ಅಷ್ಟೇ, ಜಾಗಗಳೂ 8, 16, 32, 64 ಹೀಗೆ ಒಂದು ಲೆಕ್ಕದಲ್ಲಿ ಇರುತ್ತವೆ. ಹೆಸರು ಚಿತ್ರಕ್ಕೆ ಹತ್ತಿರ, ಮುಂದಿನ ಚಿತ್ರಕ್ಕೆ ದೂರ. ಯಾವುದು ಯಾವುದಕ್ಕೆ ಸೇರಿದ್ದು ಅಂತ ಗೆರೆ ಎಳೆಯದೆ ಹೇಳುವ ದಾರಿ ಅದು. 'ಜಾಗ ಎಷ್ಟು ಬಿಡಬೇಕು' ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಆಮೇಲೆ ಬ್ರೌಸರ್ ಕಿಟಕಿಯ ಅಂಚು ಹಿಡಿದು ನಿಧಾನವಾಗಿ ಕಿರಿದು ಮಾಡುತ್ತಾ ಬನ್ನಿ. ಅಕ್ಕಪಕ್ಕ ಮೂರಿದ್ದ ಚಿತ್ರಗಳು ಎರಡಾಗುವುದು ಎಲ್ಲಿ, ಒಂದಾಗುವುದು ಎಲ್ಲಿ, ಮೆನು ಎಲ್ಲಿ ಮಡಚಿಕೊಳ್ಳುತ್ತದೆ, ಆ ಅಗಲ ಬರೆದುಕೊಳ್ಳಿ. ವೆಬ್ ಡಿಸೈನರ್ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವೆಬ್ ಡಿಸೈನ್ ಅನ್ನುವ ಲೇಖನ ಬರೆದಾಗ ಹೇಳಿದ್ದು ಮೂರೇ ವಿಷಯ: ಹಿಗ್ಗಿ ಕುಗ್ಗುವ ಗ್ರಿಡ್, ಅದರ ಜೊತೆ ಹಿಗ್ಗಿ ಕುಗ್ಗುವ ಚಿತ್ರ, ಪರದೆಯ ಅಗಲ ನೋಡಿ ಸಿಎಸ್‌ಎಸ್ ಬದಲಿಸುವ ಮೀಡಿಯಾ ಕ್ವೆರಿ. ಪೋರ್ಟ್‌ಫೋಲಿಯೊ ಅಂದರೆ ಬಹುಪಾಲು ಚಿತ್ರಗಳೇ ಆದ್ದರಿಂದ ಈ ಮೂರನ್ನೂ ಅಲ್ಲಿ ಬರಿಗಣ್ಣಿಗೇ ನೋಡಬಹುದು. ಪುಟದಲ್ಲಿ ಸಿಎಸ್‌ಎಸ್ ಗ್ರಿಡ್ ಬಳಸಿದ್ದರೆ ಫೈರ್‌ಫಾಕ್ಸ್ ಅದರ ಗೆರೆಗಳನ್ನು ಪುಟದ ಮೇಲೇ ಎಳೆದು ತೋರಿಸುತ್ತದೆ, ಅದನ್ನು ಆನ್ ಮಾಡಿಕೊಳ್ಳಿ. 2017ರ ಮಾರ್ಚ್‌ನಲ್ಲಿ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು. ಅದಕ್ಕೂ ಮೊದಲು ಕಟ್ಟಿ ಹಾಗೇ ಬಿಟ್ಟ ಸೈಟ್‌ನಲ್ಲಿ ಹೆಚ್ಚಾಗಿ ಫ್ಲೋಟ್ ಅನ್ನುವ ಹಳೆಯ ವಿಧಾನ ಬಳಸಿ ಹೆಣಗಾಡಿರುತ್ತಾರೆ, ಅದರ ಕೋಡ್ ಕಲಿಯುವ ಅಗತ್ಯ ಇಲ್ಲ.

ಕೊನೆಯ ಹೆಜ್ಜೆ ಬಹಳ ಮುಖ್ಯ, ಬಹಳ ಜನ ಅದನ್ನೇ ಬಿಡುತ್ತಾರೆ. ಆ ಸೈಟ್ ಮುಚ್ಚಿ. ನೋಟ್‌ಬುಕ್ ಮಾತ್ರ ಇಟ್ಟುಕೊಂಡು ನಿಮ್ಮ ಚಿಕ್ಕಪ್ಪನ ಚಿತ್ರಗಳನ್ನು ಹಾಕಿ ಆ ಪುಟವನ್ನು ಮೊದಲಿನಿಂದ ಕಟ್ಟಿ. ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮದು ಬೇರೆ ಕಾಣುವ ಕಡೆಯಲ್ಲೆಲ್ಲ ಅವರು ಏನೋ ಯೋಚಿಸಿ ಮಾಡಿರುತ್ತಾರೆ. ಏನದು ಅಂತ ಹುಡುಕುವುದೇ ಡಿಸೈನ್ ಕಲಿಯುವುದು.

ನಕಲು ಬಗ್ಗೆ: ನಿಮ್ಮ ಕಂಪ್ಯೂಟರಿನಲ್ಲಿ ಅಭ್ಯಾಸಕ್ಕೆ ಮಾಡಿಕೊಂಡರೆ ಯಾರಿಗೂ ತೊಂದರೆ ಇಲ್ಲ. ಹಾಗೇ ಎತ್ತಿ ಪಬ್ಲಿಷ್ ಮಾಡಬೇಡಿ. ಅವರ ಚಿತ್ರಗಳನ್ನಂತೂ ಅಭ್ಯಾಸದ ಪುಟದಲ್ಲಿ ಹಾಕಿ ಆನ್‌ಲೈನ್ ಬಿಡಲೇಬೇಡಿ, ಅದು ಅವರ ಅನ್ನ.

ನೀರುಬಣ್ಣ ಉತ್ತರಿಸಿದ್ದು:

ನಾನು ಕೋಡ್ ಬರೆಯುವವನಲ್ಲ, ಚಿತ್ರ ಬರೆಯುವವನು, ಮೈಸೂರಿನಲ್ಲಿದ್ದೇನೆ. ಗೆರೆಮನೆ ಅವರು ಹೇಳಿದ ಅಳತೆ ಎಲ್ಲ ಸರಿ. ಆದರೆ ಕಲಾವಿದರ ಸೈಟ್‌ನಲ್ಲಿ ನೋಡಬೇಕಾದ್ದು ಇನ್ನೊಂದಿದೆ. ಈ ಸೈಟ್ ಚಿತ್ರಕ್ಕೆ ಮರ್ಯಾದೆ ಕೊಟ್ಟಿದೆಯಾ ಇಲ್ಲವಾ? ಇದನ್ನು ಇಟ್ಟುಕೊಂಡು ನೋಡಲು ಶುರು ಮಾಡಿ, ಒಳ್ಳೆಯ ಸೈಟ್ ಯಾವುದು, ಬರೀ ಥಳುಕಿನ ಸೈಟ್ ಯಾವುದು ಅಂತ ಬೇಗ ಗೊತ್ತಾಗುತ್ತದೆ.

ಮೊದಲನೆಯದು ಕತ್ತರಿ. ಎಷ್ಟೋ ಸೈಟ್‌ಗಳಲ್ಲಿ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಯ ಚೌಕದೊಳಗೆ ತುರುಕಿರುತ್ತಾರೆ. ಸಾಲು ನೆಟ್ಟಗೆ ಕಾಣುತ್ತದೆ ನಿಜ, ಆದರೆ ಚಿತ್ರದ ಅಂಚು ಹೋಗಿರುತ್ತದೆ. ನಿಮ್ಮ ಚಿಕ್ಕಪ್ಪನ ಒಂದು ಚಿತ್ರ ಹೀಗಿದೆ ಅಂತ ಊಹಿಸಿಕೊಳ್ಳಿ ತಂಗಿ. ಅಡ್ಡ ಹಾಳೆ, ನಡುವೆ ಹೆಂಚಿನ ಮನೆ, ಎಡ ಅಂಚಿನಲ್ಲಿ ಒಂದು ಅಡಿಕೆ ಮರ ಅರ್ಧ ಮಾತ್ರ ಒಳಗೆ ಬಂದಿದೆ, ಬಲ ಕೆಳಮೂಲೆಯಲ್ಲಿ ಸಹಿ. ಚೌಕಕ್ಕೆ ಕತ್ತರಿಸಿದರೆ ಮರವೂ ಇಲ್ಲ, ಸಹಿಯೂ ಇಲ್ಲ, ಮನೆ ಒಂದೇ ನಟ್ಟನಡುವೆ ಪಾಸ್‌ಪೋರ್ಟ್ ಫೋಟೋ ಹಾಗೆ ನಿಂತಿರುತ್ತದೆ. ಆ ಮರವನ್ನು ಅಂಚಿಗೆ ಸರಿಸಿ ಅರ್ಧ ಬಿಟ್ಟಿದ್ದೇ ಆ ಚಿತ್ರದ ಜೀವ. ನಮ್ಮ ಹುಡುಗ ಹೇಳಿದ ಪ್ರಕಾರ ಇದು ಸಿಎಸ್‌ಎಸ್‌ನಲ್ಲಿ ಆಬ್ಜೆಕ್ಟ್-ಫಿಟ್ ಅನ್ನುವ ಒಂದು ಸಾಲು. ಕವರ್ ಅಂದರೆ ಡಬ್ಬಿ ತುಂಬುವ ತನಕ ಕತ್ತರಿಸು, ಕಂಟೇನ್ ಅಂದರೆ ಪೂರ್ತಿ ಚಿತ್ರ ಒಳಗಿಡು. ಒಂದೇ ಪದದ ವ್ಯತ್ಯಾಸ, ಆದರೆ ಚಿತ್ರ ಬರೆದವನಿಗೆ ಅದು ದೊಡ್ಡ ವಿಷಯ.

ಒಳ್ಳೆಯ ಸೈಟ್‌ಗಳಲ್ಲಿ ಇದಕ್ಕೆ ಏನು ದಾರಿ ಹುಡುಕಿದ್ದಾರೆ ಅಂತ ನೋಡುತ್ತಾ ಹೋಗಿ. ಕೆಲವರು ಒಂದು ಸಾಲಿನ ಎಲ್ಲ ಚಿತ್ರಕ್ಕೂ ಎತ್ತರ ಒಂದೇ ಇಟ್ಟು ಅಗಲವನ್ನು ಅದರ ಪಾಡಿಗೆ ಬಿಡುತ್ತಾರೆ. ಕೆಲವರು ಪ್ರತಿ ಚಿತ್ರವನ್ನೂ ಒಂಟಿಯಾಗಿ, ಸುತ್ತ ಖಾಲಿ ಬಿಟ್ಟು ಇಡುತ್ತಾರೆ. ಇನ್ನು ಕೆಲವರು ಮೊದಲು ಪೂರ್ತಿ ಚಿತ್ರ ಇಟ್ಟು, ಪಕ್ಕದಲ್ಲಿ ಕುಂಚದ ಗೀರು ಕಾಣುವ ಹಾಗೆ ಒಂದು ತುಣುಕನ್ನು ಬೇರೆಯಾಗಿ ಕೊಡುತ್ತಾರೆ. ಮೂರನೆಯದು ನನಗೆ ಜಾಸ್ತಿ ಇಷ್ಟ. ಜಲವರ್ಣದಲ್ಲಿ ಬಣ್ಣ ಹಾಳೆಯೊಳಗೆ ಇಂಗಿದ್ದು, ಹಾಳೆಯ ತರಿ ಕಂಡಿದ್ದು ಆ ತುಣುಕಿನಲ್ಲೇ ಗೊತ್ತಾಗುವುದು.

ಎರಡನೆಯದು ಗಾತ್ರ. ಅಂಗೈ ಅಗಲದ ಚಿತ್ರವೂ ಗೋಡೆ ತುಂಬುವ ಕ್ಯಾನ್ವಾಸೂ ಫೋನಿನಲ್ಲಿ ಒಂದೇ ಸೈಜ್. ಇದು ಪರದೆಯ ದೊಡ್ಡ ಮೋಸ. ಅದಕ್ಕೇ ಹೆಸರು, ಇಸವಿ, ಮಾಧ್ಯಮ, ಸೆಂಟಿಮೀಟರಿನಲ್ಲಿ ಅಳತೆ, ಈ ನಾಲ್ಕೂ ಅಡಿಬರಹದಲ್ಲಿ ಇರಲೇಬೇಕು. ಅದರ ಜೊತೆಗೆ ಗೋಡೆಯ ಮೇಲೆ ತೂಗುಹಾಕಿದ, ಪಕ್ಕದಲ್ಲಿ ಕುರ್ಚಿಯೋ ಬಾಗಿಲೋ ಕಾಣುವ ಒಂದು ಫೋಟೋ ಇದ್ದರೆ ಕೊಳ್ಳುವವರಿಗೆ ಅಂದಾಜು ಸಿಗುತ್ತದೆ.

ನೀವು ರಿಕ್ಟರ್ ಸೈಟ್ ಹೆಸರು ಹೇಳಿದ್ದೀರಿ. ಅದರಲ್ಲಿ ನೋಡಬೇಕಾದ್ದು ಚೆಂದ ಅಲ್ಲ, ಜೋಡಣೆ. 1932ರಲ್ಲಿ ಹುಟ್ಟಿದ ಮನುಷ್ಯ, ದಶಕಗಟ್ಟಲೆ ಬರೆದಿದ್ದಾರೆ, ಅಷ್ಟೂ ಕೆಲಸ ಅಲ್ಲಿ ಸಿಗುವ ಹಾಗೆ ಇದೆ. ಮೋಡ, ಮೇಣದಬತ್ತಿ, ಕಡಲು ಅಂತ ವಸ್ತುವಿನ ಪ್ರಕಾರ ಗುಂಪು ಮಾಡಿದ್ದಾರೆ. ಒಂದೊಂದು ಚಿತ್ರಕ್ಕೂ ತನ್ನದೇ ಪುಟ, ಅದರಲ್ಲಿ ಇಸವಿ, ಅಳತೆ, ಕ್ಯಾಟಲಾಗ್ ನಂಬರ್, ಎಲ್ಲೆಲ್ಲಿ ಪ್ರದರ್ಶನ ಆಯಿತು ಅನ್ನೋದು. ಅವರು ಕೂಡಿಟ್ಟ ಫೋಟೋ, ಪೇಪರ್ ಕಟಿಂಗ್‌ಗಳ ಸಂಗ್ರಹಕ್ಕೆ ಬೇರೆಯೇ ವಿಭಾಗ ಇದೆ. ಚಿಕ್ಕಪ್ಪನ ಹತ್ತಿರ ಅಷ್ಟು ಚಿತ್ರ ಇರಲಿಕ್ಕಿಲ್ಲ. ಆದರೂ ಅವರನ್ನೇ ಕೂರಿಸಿಕೊಂಡು, ನಿಮ್ಮ ಚಿತ್ರಗಳನ್ನು ಗುಂಪು ಮಾಡಿ ಅಂದರೆ ಹೇಗೆ ಮಾಡ್ತೀರಿ ಅಂತ ಕೇಳಿ. ಊರಿನ ಪ್ರಕಾರವೋ, ಮಳೆಗಾಲ ಬೇಸಿಗೆ ಅಂತಲೋ, ಇಸವಿಯ ಪ್ರಕಾರವೋ. ಅವರು ಹೇಳಿದ್ದೇ ನಿಮ್ಮ ಮೆನು.

ಕ್ರಿಸ್ಟೊ ಸೈಟಿನಲ್ಲಿ ಇಸವಿಗಳನ್ನು ಗಮನಿಸಿ. ಬರ್ಲಿನ್ನಿನ ಸಂಸತ್ ಭವನ ಸುತ್ತಿದ್ದು 1971–95, ಪ್ಯಾರಿಸ್ಸಿನ ಆರ್ಕ್ ಡ ಟ್ರಯಂಫ್ ಕಮಾನು 1961–2021 ಅಂತ ಇದೆ. ಸುತ್ತಿದ್ದು ಕೆಲವೇ ದಿನ, ಆದರೆ ಯೋಚನೆ ಹುಟ್ಟಿದ ವರ್ಷದಿಂದ ಲೆಕ್ಕ ಹಾಕಿದ್ದಾರೆ. ಎರಡನೆಯದು ನಿಜವಾಗುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. ಎರಡು ಅಂಕಿ ಪಕ್ಕಪಕ್ಕ ಇಟ್ಟು ಅಷ್ಟನ್ನೂ ಹೇಳಿದ್ದಾರೆ, ಯಾವ ಆ್ಯನಿಮೇಷನ್ನೂ ಬೇಕಾಗಿಲ್ಲ. ಬರಹವೂ ಡಿಸೈನೇ.

ಇನ್ನು ಹಿನ್ನೆಲೆ ಬಣ್ಣ. ಜಲವರ್ಣದ ಹಾಳೆ ಅಪ್ಪಟ ಬಿಳಿ ಇರುವುದಿಲ್ಲ, ಸ್ವಲ್ಪ ಕೆನೆ ಬಣ್ಣ. ಅದನ್ನು ಅಪ್ಪಟ ಬಿಳಿ ಪುಟದ ಮೇಲಿಟ್ಟರೆ ಹಾಳೆ ಹಳತಾಗಿ ಮಾಸಿದ ಹಾಗೆ ಕಾಣುತ್ತದೆ. ಕಪ್ಪಿನ ಮೇಲಿಟ್ಟರೆ ಬಣ್ಣ ಉಜ್ವಲ ಕಾಣುತ್ತದೆ, ಆದರೆ ಬರೆಯದೆ ಬಿಟ್ಟ ಬಿಳಿ ಭಾಗ ಕಣ್ಣಿಗೆ ಚುಚ್ಚುತ್ತದೆ. ಒಂದೇ ಚಿತ್ರವನ್ನು ಬಿಳಿ, ತಿಳಿ ಬೂದು, ಕಪ್ಪು ಮೂರರ ಮೇಲೂ ಇಟ್ಟು ನೋಡಿ. ಫೋಟೋವನ್ನು ಎಸ್‌ಆರ್‌ಜಿಬಿ ಅನ್ನುವ, ಪರದೆಗಳ ಸಾಮಾನ್ಯ ಬಣ್ಣದ ಮಾನದಂಡದಲ್ಲಿ ಎಕ್ಸ್‌ಪೋರ್ಟ್ ಮಾಡಿ, ಬಣ್ಣದ ಪ್ರೊಫೈಲನ್ನು ಫೈಲಿನಲ್ಲೇ ಉಳಿಸಿ. ಇಲ್ಲದಿದ್ದರೆ ಅವರ ಹಸಿರು ಒಂದು ಫೋನಿನಲ್ಲಿ ಸರಿ, ಇನ್ನೊಂದರಲ್ಲಿ ಮಂಕು.

ನೇರಮಾತು ಉತ್ತರಿಸಿದ್ದು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಪ್ರಶಸ್ತಿ ತಾಣಗಳಲ್ಲಿ ಬರುವ ಪೋರ್ಟ್‌ಫೋಲಿಯೊ ನೋಡಿ ಡಿಸೈನ್ ಕಲಿಯಬೇಡಿ, ಕನಿಷ್ಠ ಶುರುವಿನಲ್ಲಿ ಬೇಡ. ಅವು ಬೇರೆ ಡಿಸೈನರ್‌ಗಳು ಮೆಚ್ಚಲಿ ಅಂತ ಮಾಡಿದವು. ಸೊನ್ನೆಯಿಂದ ನೂರರ ತನಕ ಎಣಿಸುವ ಲೋಡಿಂಗ್ ಪರದೆ, ಬಾಣದ ಬದಲು ಓಡಾಡುವ ದೊಡ್ಡ ಗುಂಡು, ನಾವು ಒಂದು ಬೆರಳು ಸರಿಸಿದರೆ ತಾನೇ ನಾಲ್ಕು ಪರದೆ ಓಡುವ ಸ್ಕ್ರೋಲ್. ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ, ಬಸ್ಸಿನಲ್ಲಿ ಕೂತು ತೆರೆದು ನೋಡಿ, ಆಗ ಗೊತ್ತಾಗುತ್ತದೆ. ಬ್ರೂನೊ ಸೈಮನ್ ಅನ್ನುವ ಡೆವಲಪರ್ ಅವರ ಸೈಟ್ ಒಂದಿದೆ, ಪುಟ್ಟ ಕಾರು ಓಡಿಸಿಕೊಂಡು ಅವರ ಕೆಲಸ ನೋಡಬೇಕು, ಬ್ರೌಸರಿನಲ್ಲಿ 3ಡಿ ತೋರಿಸುವ ಥ್ರೀ.ಜೆಎಸ್‌ನಲ್ಲಿ ಮಾಡಿದ್ದು. ಬಹಳ ಒಳ್ಳೆಯ ಕೆಲಸ, ಯಾಕೆ ಅಂದರೆ ಅವರು ಮಾರುವುದೇ ಆ ವಿದ್ಯೆಯನ್ನು. ಜಲವರ್ಣ ಬರೆಯುವವರಿಗೆ ಅದರಿಂದ ಏನು ಉಪಯೋಗ?

ಪೋರ್ಟ್‌ಫೋಲಿಯೊದಲ್ಲಿ ಸಿಗದೇ ಇರುವುದು ಏನು ಅನ್ನೋದನ್ನೂ ಯೋಚಿಸಿ. ಅಲ್ಲಿ ಫಾರ್ಮ್ ಇರಲ್ಲ. ಫಾರ್ಮ್ ತಪ್ಪಾಗಿ ತುಂಬಿದರೆ ಏನು ತೋರಿಸಬೇಕು ಅನ್ನೋದು ಇರಲ್ಲ. ದೊಡ್ಡ ಟೇಬಲ್, ಹುಡುಕಿದ್ದು ಸಿಗದಿದ್ದಾಗಿನ ಪುಟ, ಉದ್ದದ ಬರಹ, ಇವು ಯಾವುವೂ ಇರಲ್ಲ. ಕೆಲಸಕ್ಕೆ ಸೇರಿದ ಮೇಲೆ ನೀವು ದಿನವಿಡೀ ಮಾಡುವುದು ಅದನ್ನೇ. ಚಿಕ್ಕಪ್ಪನ ಸೈಟ್ ಮಾಡಿ, ಖಂಡಿತ ಮಾಡಿ, ಅದರ ಜೊತೆಗೇ ಬಸ್ ಟಿಕೆಟ್ ಬುಕಿಂಗ್, ಕರೆಂಟ್ ಬಿಲ್ ಕಟ್ಟುವ ಪುಟ, ಇಂಥವನ್ನೂ ಇದೇ ಕಣ್ಣಿನಿಂದ ನೋಡಿ.

ಯಾವ ಪೋರ್ಟ್‌ಫೋಲಿಯೊ ನೋಡಿದರೂ ಕೆಲವು ಪರೀಕ್ಷೆ ಮಾಡಿ. ಮೌಸ್ ಬಿಟ್ಟು ಬರೀ ಟ್ಯಾಬ್ ಕೀ ಒತ್ತುತ್ತಾ ಎಲ್ಲ ಚಿತ್ರಕ್ಕೂ ಹೋಗಲು ಆಗುತ್ತಾ, ಎಲ್ಲಿದ್ದೇವೆ ಅಂತ ಕಾಣುತ್ತಾ? ಬೂದು ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5ಕ್ಕೆ 1 ಇದೆಯಾ? ಡೆವ್‌ಟೂಲ್ಸ್‌ನಲ್ಲೇ ತೋರಿಸುತ್ತದೆ, ತೆಳ್ಳಗಿನ ತಿಳಿಬೂದು ಅಡಿಬರಹ ಇರುವ ಸೈಟ್‌ಗಳು ಇಲ್ಲೇ ಬೀಳುತ್ತವೆ. ಚಿತ್ರ ಕಾಣದವರಿಗೆ ಅದರಲ್ಲೇನಿದೆ ಅಂತ ಹೇಳುವ ಆಲ್ಟ್ ಬರಹ ಇದೆಯಾ? ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿದರೆ ಮುಖ್ಯ ಚಿತ್ರ ಬರಲು ಎಷ್ಟು ಹೊತ್ತು? ಗೂಗಲ್ಲಿನ ಲೆಕ್ಕದಲ್ಲಿ ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು. ಇದರಲ್ಲಿ ಪಾಸಾಗುವ ಸೈಟ್ ಸಿಕ್ಕರೆ ಅದನ್ನು ಗುರು ಅಂತ ಇಟ್ಟುಕೊಳ್ಳಿ.

ಹಳೇಮೋಡೆಮ್ ಉತ್ತರಿಸಿದ್ದು:

ನೇರಮಾತು ಅವರ ಪರೀಕ್ಷೆಗಳನ್ನು ಪೂರ್ತಿ ಒಪ್ಪುತ್ತೇನೆ. 'ಕಲಾವಿದರಿಂದ ಕಲಿಯಬೇಡಿ' ಅನ್ನೋದನ್ನು ಮಾತ್ರ ಒಪ್ಪಲ್ಲ. ವೆಬ್‌ನಲ್ಲಿ ಏನೇನು ಸಾಧ್ಯ ಅಂತ ಮೊದಲು ತೋರಿಸಿಕೊಟ್ಟವರಲ್ಲಿ ಕಲಾವಿದರಿದ್ದಾರೆ. ಅವರ ಪೋರ್ಟ್‌ಫೋಲಿಯೊ ಅಷ್ಟೇ ಅಲ್ಲ, ವೆಬ್ ಪುಟವನ್ನೇ ಕೃತಿ ಮಾಡಿದವರನ್ನೂ ನೋಡಬೇಕು.

ಜೋಡಿ ಅಂತ ಇಬ್ಬರು ಕಲಾವಿದರ ತಂಡ ಇದೆ, ಜೋನ್ ಹೀಮ್ಸ್‌ಕರ್ಕ್ ಮತ್ತು ಡರ್ಕ್ ಪೇಸ್‌ಮನ್ಸ್. 1995ರಲ್ಲಿ ಅವರೊಂದು ಪುಟ ಮಾಡಿದರು. ತೆರೆದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕಿ, ಗೆರೆ, ಅಂಕಿಗಳ ರಾಶಿ, ಸೈಟ್ ಕೆಟ್ಟುಹೋಗಿದೆ ಅನ್ನಿಸುತ್ತದೆ. ವ್ಯೂ ಸೋರ್ಸ್ ಕೊಟ್ಟರೆ ಅದೇ ಚುಕ್ಕಿ ಗೆರೆಗಳು ನೆಟ್ಟಗೆ ನಿಂತು ಬಾಂಬಿನ ನಕ್ಷೆ ಆಗಿರುತ್ತವೆ! ಕಾರಣ ಬಹಳ ಸರಳ. ಎಚ್‌ಟಿಎಂಎಲ್‌ನಲ್ಲಿ ನೀವು ಎಷ್ಟೇ ಸ್ಪೇಸ್ ಕೊಡಿ, ಎಷ್ಟೇ ಎಂಟರ್ ಒತ್ತಿ, ಬ್ರೌಸರ್ ಅದನ್ನೆಲ್ಲ ಒಂದೇ ಸ್ಪೇಸ್ ಮಾಡಿಬಿಡುತ್ತದೆ, ಪ್ರಿ ಟ್ಯಾಗ್ ಹಾಕಿದರೆ ಇದ್ದ ಹಾಗೆ ಬಿಡುತ್ತದೆ. ಆ ಟ್ಯಾಗ್ ಇಲ್ಲದೇ ಇರುವುದೇ ಅಲ್ಲಿ ಇಡೀ ಕೃತಿ. ವೈಟ್‌ಸ್ಪೇಸ್ ನಿಯಮವನ್ನು ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ ನನಗೆ.

ರಷ್ಯಾದ ಒಲಿಯಾ ಲಿಯಾಲಿನಾ 1996ರಲ್ಲಿ ಮಾಡಿದ ಕೃತಿಯಲ್ಲಿ ಯುದ್ಧ ಮುಗಿಸಿ ಬಂದ ಹುಡುಗ ಮತ್ತು ಅವನ ಹುಡುಗಿ ಮಾತಾಡುತ್ತಾರೆ. ಕಪ್ಪು ಬಿಳುಪು ಚಿತ್ರ, ಚಿಕ್ಕ ಚಿಕ್ಕ ವಾಕ್ಯ. ಒತ್ತಿದ ಹಾಗೆಲ್ಲ ಪರದೆ ಇಬ್ಭಾಗವಾಗುತ್ತಾ, ಆ ಭಾಗಗಳು ಮತ್ತೆ ಒಡೆಯುತ್ತಾ ಹೋಗುತ್ತವೆ. ಆಗಿನ ಎಚ್‌ಟಿಎಂಎಲ್ ಫ್ರೇಮ್‌ಗಳಲ್ಲಿ ಮಾಡಿದ್ದು. ಲೇಔಟ್ ಒಂದರಿಂದಲೇ ಇಬ್ಬರ ನಡುವಿನ ದೂರ ಗೊತ್ತಾಗುತ್ತದೆ. ರಫಾಯೆಲ್ ರೋಜೆಂಡಾಲ್ ಅಂತ ಇನ್ನೊಬ್ಬರು, ಒಂದೊಂದು ಕೃತಿಗೂ ಒಂದೊಂದು ಡೊಮೇನ್. ಕಿಟಕಿ ಎಷ್ಟು ದೊಡ್ಡದಿದ್ದರೂ ಚಿಕ್ಕದಿದ್ದರೂ ಅದು ತುಂಬಿಕೊಳ್ಳುತ್ತದೆ. ಕೊಂಡವರ ಕೈಗೆ ಡೊಮೇನ್ ಹೋಗುತ್ತದೆ, ಆದರೆ ಸೈಟ್ ಎಲ್ಲರಿಗೂ ತೆರೆದಿರಬೇಕು ಅನ್ನೋದು ಅವರ ಕರಾರು.

ಒಂದು ಅಭ್ಯಾಸ ಹೇಳುತ್ತೇನೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 1996ರಿಂದ ಪುಟಗಳಿವೆ. ನಿಮಗಿಷ್ಟವಾದ ಕಲಾವಿದರ ಸೈಟ್ ಹತ್ತು ಹದಿನೈದು ವರ್ಷದ ಹಿಂದೆ ಹೇಗಿತ್ತು ಅಂತ ತೆಗೆದು ನೋಡಿ. ಏನು ಹೋಯಿತು, ಏನು ಉಳಿಯಿತು? ಎಷ್ಟೋ ಫೋಟೋಗ್ರಾಫರ್‌ಗಳು ಆಗ ಇಡೀ ಸೈಟನ್ನು ಫ್ಲ್ಯಾಶ್ ಅನ್ನುವ ಅಡೋಬಿಯ ಆ್ಯನಿಮೇಷನ್ ತಂತ್ರದಲ್ಲಿ ಮಾಡಿಸಿದ್ದರು. ಐಫೋನ್‌ನಲ್ಲಿ ಫ್ಲ್ಯಾಶ್ ಓಡಲೇ ಇಲ್ಲ, 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಅದನ್ನು ನಿಲ್ಲಿಸಿತು. ಸಾದಾ ಎಚ್‌ಟಿಎಂಎಲ್‌ನಲ್ಲಿ ಚಿತ್ರ ಮತ್ತು ಅಡಿಬರಹ ಇಟ್ಟ ಪುಟಗಳು ಈಗಲೂ ತೆರೆದುಕೊಳ್ಳುತ್ತವೆ. ಚಿಕ್ಕಪ್ಪನ ಸೈಟ್ ಬಹಳ ವರ್ಷ ಬಾಳಬೇಕು ಅಲ್ವಾ?

ಆಮೇಲೆ ಸಿಎಸ್‌ಎಸ್ ಜೆನ್ ಗಾರ್ಡನ್ ನೋಡದೆ ಬಿಡಬೇಡಿ. 2003ರಲ್ಲಿ ಡೇವ್ ಶೇ ಶುರು ಮಾಡಿದ್ದು. ಎಚ್‌ಟಿಎಂಎಲ್ ಒಂದೇ, ಒಂದಕ್ಷರವೂ ಬದಲಾಗುವುದಿಲ್ಲ, ಬೇರೆ ಬೇರೆಯವರು ಬರೀ ಸಿಎಸ್‌ಎಸ್ ಬದಲಿಸಿ ಗುರುತೇ ಸಿಗದ ಹಾಗೆ ಮಾಡಿದ್ದಾರೆ. ಅಲ್ಲಿ ಕೋಡ್ ಓದುವ ಹಾಗೇ ಇದೆ, ಓದಲಿ ಅಂತಲೇ ಇಟ್ಟಿದ್ದು.

ಒತ್ತಕ್ಷರ ಉತ್ತರಿಸಿದ್ದು:

ಕನ್ನಡದಲ್ಲೂ ಮಾಡುತ್ತೀರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ, ಯಾಕೆ ಅಂದರೆ ಮೇಲೆ ಹೆಸರಿಸಿದ ಸೈಟ್‌ಗಳಿಂದ ತೆಗೆದ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ಅವರ ಅಡಿಬರಹ 12 ಪಿಕ್ಸೆಲ್, ಸಾಲಿನ ಎತ್ತರ 1.2 ಅಂತ ಇರಬಹುದು. ಅದೇ ಅಳತೆಯಲ್ಲಿ 'ರಾಷ್ಟ್ರೀಯ', 'ಸ್ತ್ರೀ' ಅಂತ ಬರೆದು ನೋಡಿ. ಒತ್ತಿನ ಕೆಳಗೆ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎತ್ತರ 1.6ರಿಂದ 1.8 ಕೊಡಿ, ಅಡಿಬರಹವನ್ನು 15 ಅಥವಾ 16 ಪಿಕ್ಸೆಲ್‌ಗಿಂತ ಇಳಿಸಬೇಡಿ. ದೊಡ್ಡ ಶೀರ್ಷಿಕೆಗೆ ಸಾಲಿನ ಎತ್ತರ 1 ಕೊಟ್ಟು ಡಬ್ಬಿಗೆ ಓವರ್‌ಫ್ಲೋ ಹಿಡನ್ ಹಾಕಿದರೆ ಒತ್ತಕ್ಷರದ ಕಾಲೇ ಕತ್ತರಿಸಿ ಹೋಗುತ್ತದೆ. ಎಷ್ಟೋ ಕನ್ನಡ ಸೈಟ್‌ಗಳಲ್ಲಿ ಇದನ್ನು ಕಂಡು ಹೊಟ್ಟೆ ಉರಿದಿದೆ.

ಇಂಗ್ಲಿಷ್ ಪೋರ್ಟ್‌ಫೋಲಿಯೊಗಳಲ್ಲಿ ಮೆನುವನ್ನು ಕ್ಯಾಪಿಟಲ್ ಅಕ್ಷರದಲ್ಲಿ, ಅಕ್ಷರದ ನಡುವೆ ಜಾಗ ಬಿಟ್ಟು ಬರೆಯುತ್ತಾರೆ, ಕೃತಿಯ ಹೆಸರನ್ನು ಇಟ್ಯಾಲಿಕ್‌ನಲ್ಲಿ. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಹೆಚ್ಚಿನ ಕನ್ನಡ ಫಾಂಟ್‌ಗಳಿಗೆ ಇಟ್ಯಾಲಿಕ್ ಇಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ, ಚೆನ್ನಾಗಿ ಕಾಣಲ್ಲ. ಲೆಟರ್-ಸ್ಪೇಸಿಂಗ್ ಹಾಕಿದರೆ ಪದ ಬಿಡಿಬಿಡಿಯಾಗಿ ಓದಲು ತೊಡಕು. ಹಾಗಾಗಿ ಈ ಮೂರನ್ನೂ ಬಿಟ್ಟು ದಪ್ಪ, ಸೈಜ್, ಬಣ್ಣ, ಜಾಗ ಇಷ್ಟರಲ್ಲೇ ಮೇಲು ಕೆಳಗು ತೋರಿಸಬೇಕು. ಅನೇಕ್ ಕನ್ನಡ ಅನ್ನುವ ಫಾಂಟ್ ಇದಕ್ಕೆ ಬಹಳ ಒಳ್ಳೆಯದು. ಒಂದೇ ವೇರಿಯಬಲ್ ಫಾಂಟ್, ದಪ್ಪ 100ರಿಂದ 800ರ ತನಕ, ಅಗಲವೂ ಬದಲಾಗುತ್ತದೆ. ಕೃತಿಯ ಹೆಸರಿಗೆ 600, ಉಳಿದದ್ದಕ್ಕೆ 400 ಕೊಟ್ಟರೆ ಸಾಕು. ನೋಟೋ ಸಾನ್ಸ್ ಕನ್ನಡವೂ ಆಗುತ್ತದೆ. ಚಿಕ್ಕಪ್ಪನ ಪರಿಚಯ ಉದ್ದ ಇದ್ದರೆ ಅದಕ್ಕೆ ನೋಟೋ ಸೆರಿಫ್ ಅಥವಾ ಟಿರೋ ಕನ್ನಡ ಹಾಕಿ ನೋಡಿ.

ಪುಟದಲ್ಲಿ ಲ್ಯಾಂಗ್ ಗುಣವನ್ನು ಕೆಎನ್ ಅಂತ ಬರೆಯಿರಿ, ಓದಿ ಹೇಳುವ ಸಾಫ್ಟ್‌ವೇರ್ ಕನ್ನಡ ಅಂತ ಗುರುತಿಸಲು ಅದು ಬೇಕು. ಬಟನ್‌ಗಳಿಗೆ ಪಿಕ್ಸೆಲ್ ಲೆಕ್ಕದಲ್ಲಿ ಅಗಲ ಕೊಡಬೇಡಿ, ನಮ್ಮ ಪದಗಳು ಉದ್ದ.

ತುಂಗಾತೀರ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ರಿಕ್ಟರ್ ಸೈಟಿನ ಒಂದು ಚಿತ್ರದ ಪುಟ ಹಿಡಿದು ಅಳತೆ ತೆಗೆದೆ, ಮುಚ್ಚಿ, ಚಿಕ್ಕಪ್ಪನ ಚಿತ್ರ ಹಾಕಿ ಕಟ್ಟಿದೆ. ಗುಂಪು ಮಾಡುವ ಪ್ರಶ್ನೆಗೆ ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಈಗಲೂ ಜನ ಇರುವ ಮನೆಗಳು, ಬೀಗ ಹಾಕಿದ ಮನೆಗಳು, ಬಿದ್ದುಹೋದ ಮನೆಗಳು ಅಂದರು. ಮೆನು ಅದೇ ಆಯಿತು. ನಾನು ನೂರು ಸೈಟ್ ನೋಡಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ.

ಹಿನ್ನೆಲೆ ತಿಳಿ ಬೂದು ಇಟ್ಟಿದ್ದೇನೆ, ಹಾಳೆ ಈಗ ಹಾಳೆಯ ಹಾಗೇ ಕಾಣುತ್ತದೆ. ಚಿತ್ರ ಎಲ್ಲೂ ಕತ್ತರಿಸಿಲ್ಲ. ಎರಡು ಅನುಮಾನ ಉಳಿದಿವೆ. ಒಂದು, ಎಲ್ಲ ಚಿತ್ರಕ್ಕೂ ಲೋಡಿಂಗ್ ಲೇಜಿ ಕೊಟ್ಟಿದ್ದೇನೆ, ಆದರೂ ಫೋನಿನಲ್ಲಿ ಮೊದಲ ಚಿತ್ರ ತಡವಾಗಿ ಬರುತ್ತದೆ, ಬಂದಾಗ ಕೆಳಗಿನ ಬರಹ ಧಡಕ್ಕನೆ ಕೆಳಗೆ ಹಾರುತ್ತದೆ. ಎರಡು, ಬೆಲೆ ಹಾಕಬೇಕಾ ಬೇಡವಾ? ಚಿಕ್ಕಪ್ಪ ಬೇಡ ಅನ್ನುತ್ತಾರೆ.

ಗೆರೆಮನೆ ಉತ್ತರಿಸಿದ್ದು:

ಜನ ಇರುವ ಮನೆ, ಬೀಗದ ಮನೆ, ಬಿದ್ದ ಮನೆ. ಓದಿ ಮೈ ಜುಮ್ಮೆಂದಿತು. ಆ ಮೆನು ಯಾರು ಹೇಳಿದರೂ ಬದಲಿಸಬೇಡಿ.

ಲೇಜಿ ಅಂದರೆ 'ಹತ್ತಿರ ಬಂದಾಗ ತಾ' ಅಂತ ಬ್ರೌಸರ್‌ಗೆ ಹೇಳಿದ ಹಾಗೆ. ತೆರೆದ ಕೂಡಲೇ ಕಾಣುವ ಮೊದಲ ಚಿತ್ರಕ್ಕೆ ಅದನ್ನು ತೆಗೆದುಬಿಡಿ, ಬದಲಿಗೆ 'ಇದನ್ನು ಮೊದಲು ತಾ' ಅನ್ನುವ ಫೆಚ್‌ಪ್ರಯಾರಿಟಿ ಹೈ ಕೊಡಿ. ಕೆಳಗಿನವಕ್ಕೆ ಲೇಜಿ ಇರಲಿ. ಬರಹ ಹಾರುವುದಕ್ಕೆ ಕಾರಣ, ಚಿತ್ರ ಬರುವ ತನಕ ಅದಕ್ಕೆ ಎಷ್ಟು ಜಾಗ ಬೇಕು ಅಂತ ಬ್ರೌಸರ್‌ಗೆ ಗೊತ್ತಿಲ್ಲ. ಇಮೇಜ್ ಟ್ಯಾಗಿನಲ್ಲೇ ವಿಡ್ತ್, ಹೈಟ್ ಎರಡೂ ಬರೆಯಿರಿ, ಸಿಎಸ್‌ಎಸ್‌ನಲ್ಲಿ ಹೈಟ್ ಆಟೋ ಕೊಡಿ, ಮೊದಲೇ ಜಾಗ ಕಾದಿರಿಸುತ್ತದೆ. ಕ್ಯಾಮೆರಾದಿಂದ ಬಂದ ಐದಾರು ಎಂಬಿಯ ಫೋಟೋವನ್ನು ಹಾಗೇ ಹಾಕಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಉದ್ದದ ಬದಿ 800, 1400, 2000 ಪಿಕ್ಸೆಲ್ ಹೀಗೆ ಮೂರು ಸೈಜ್ ಮಾಡಿ, ವೆಬ್‌ಪಿ ಅನ್ನುವ ಚಿತ್ರದ ಫಾರ್ಮ್ಯಾಟಿನಲ್ಲಿ ಉಳಿಸಿ, ಇಮೇಜ್ ಟ್ಯಾಗಿನಲ್ಲಿ ಸೋರ್ಸ್‌ಸೆಟ್ ಮತ್ತು ಸೈಜಸ್ ಗುಣ ಕೊಟ್ಟರೆ ಫೋನ್ ತನಗೆ ಬೇಕಾದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ನೀರುಬಣ್ಣ ಉತ್ತರಿಸಿದ್ದು:

ಬೆಲೆ ವಿಷಯದಲ್ಲಿ ಚಿಕ್ಕಪ್ಪನ ಮಾತೇ ನಡೆಯಲಿ, ಎಷ್ಟೋ ಕಲಾವಿದರು ಹಾಕುವುದಿಲ್ಲ. ಆದರೆ ಚಿತ್ರ ಅವರ ಹತ್ತಿರ ಇದೆಯೋ ಮಾರಾಟ ಆಗಿದೆಯೋ ಅನ್ನೋದನ್ನು ಪ್ರತಿ ಪುಟದಲ್ಲೂ ಹಾಕಿ, ಇಲ್ಲದಿದ್ದರೆ ಜನ ಕೇಳಲು ಹಿಂಜರಿಯುತ್ತಾರೆ. ಅದರ ಕೆಳಗೇ ವಾಟ್ಸ್ಆ್ಯಪ್ ಲಿಂಕ್ ಕೊಡಿ, ಒತ್ತಿದರೆ ಆ ಚಿತ್ರದ ಹೆಸರು ಮೆಸೇಜಿನಲ್ಲಿ ಮೊದಲೇ ಬರೆದಿರುವ ಹಾಗೆ. ಯಾವ ಚಿತ್ರ ಅಂತ ಚಿಕ್ಕಪ್ಪ ತಿರುಗಿ ಕೇಳಬೇಕಾಗಿಲ್ಲ. ಸೈಟ್ ಆದ ಮೇಲೆ ಲಿಂಕ್ ಇಲ್ಲಿ ಹಾಕಿ, ಬಿದ್ದುಹೋದ ಮನೆಗಳನ್ನು ನಾನು ಮೊದಲು ನೋಡಬೇಕು.